ಕನ್ನಡದ ಊರ ಹೆಸರು ಹಾಕಿದರೆ ಪೈಥಾನ್‌ನಲ್ಲಿ ಕಾಲಂ ಓಡಿಹೋಗ್ತಿದೆ

ಮಂಡಿಹುಡುಗ, ದಾವಣಗೆರೆ:
ಮಾವನ ದಲಾಲಿ ಅಂಗಡಿಗೆ ಮೆಕ್ಕೆಜೋಳದ ಪಟ್ಟಿ ಮುದ್ರಿಸೋ ಪ್ರೋಗ್ರಾಂನ ಪೈಥಾನ್ ಭಾಷೆಯಲ್ಲಿ ಬರೆದಿದೀನಿ. ಊರಿಗೆ 12 ಜಾಗ, ಆಮೇಲೆ ಚೀಲ, ತೂಕ, ದರ. ಇಂಗ್ಲಿಷ್ ಹಾಕಿದರೆ ಸಾಲು ನೂಲು ಹಿಡಿದಂಗೆ ಬರುತ್ತೆ. ಕನ್ನಡ ಹಾಕಿದರೆ ಹರಿಹರದ ಚೀಲ ಒಂದು ಕಡೆ, ಚಿತ್ರದುರ್ಗದ್ದು ಇನ್ನೊಂದು ಕಡೆ. ಎರಡೂ ನಾಲ್ಕೇ ಅಕ್ಷರ ಅಲ್ವಾ? ಇದೇ ಲೆಕ್ಕವನ್ನ ಅಲ್ಪವಿರಾಮದಿಂದ ಬಿಡಿಸಿದ ಸಾದಾ ಫೈಲು, ಅಂದ್ರೆ ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ತಲೆ ಮೇಲೆ ಗೀಟಿರೋ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2, ಪುಟ್ಟ 3.

ಕೋಟೆಪಕ್ಕ, ಚಿತ್ರದುರ್ಗ:
ಎಕ್ಸೆಲ್‌ದು ಸುಲಭ. ಅಕ್ಷರಗಳನ್ನ ಕಂಪ್ಯೂಟರ್ ಬೈಟ್‌ಗಳಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಎಕ್ಸೆಲ್ ಅವನ್ನ ಬಿಡಿಬಿಡಿಯಾಗಿ ಓದಿದೆ: ಮೊದಲನೇದು ಆ ಗೀಟಿನ ‘ಎ’, ಎರಡನೇದು ಪುಟ್ಟ 2 ಇಲ್ಲಾ 3. ಫೈಲ್ ಕೆಟ್ಟಿಲ್ಲ. ಫೈಲ್ ಬರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8-ಸಿಗ್’ ಕೊಡಿ. ಫೈಲಿನ ತಲೆಗೆ ಗುರುತಿನ 3 ಬೈಟ್ ಸೇರುತ್ತವೆ, ಎಕ್ಸೆಲ್ ಗುರುತು ಹಿಡಿಯುತ್ತೆ.

ಕಾಲಂ ಕಥೆ ಬೇರೆ. ಪೈಥಾನ್ ಎಣಿಸೋದು ನಮ್ಮ ಅಕ್ಷರ ಅಲ್ಲ, ಯೂನಿಕೋಡ್ ಸಂಕೇತ. ಹರಿಹರಕ್ಕೆ ಹ, ರ, ಗುಡಿಸು, ಹ, ರ: ಒಟ್ಟು 5. ಚಿತ್ರದುರ್ಗಕ್ಕೆ ಚ, ಗುಡಿಸು, ತ, ಹಲಂತ (ಒತ್ತು ಬೆಸೆಯೋ ಗುರುತು), ರ, ದ, ಕೊಂಬು, ರ, ಹಲಂತ, ಗ: 10. ಅದಕ್ಕೇ ನಿಮ್ಮ 12ರಲ್ಲಿ ಹರಿಹರದ ಹಿಂದೆ 7 ಖಾಲಿ ಜಾಗ, ನಮ್ಮೂರಿಗೆ ಬರೀ 2.

ಮಂಡಿಹುಡುಗ:
ಒತ್ತಕ್ಷರ ಒಂದೇ ಅಂತ ಎಣಿಸೋ ಹಾಗೆ ಬರೆದೆ. ನಾಲ್ಕು ನಾಲ್ಕೇ ಬಂತು. ಆದ್ರೂ ಸಾಲು ಆಚೀಚೆ.

ಕೋಟೆಪಕ್ಕ:
ಆಗೇ ಆಗುತ್ತೆ ರೀ. ‘ರ’ ಎಷ್ಟಗಲ, ‘ಮೋ’ ಎಷ್ಟಗಲ ನೋಡಿ! ಕನ್ನಡದಲ್ಲಿ ಖಾಲಿ ಜಾಗ ತುಂಬಿ ಸಾಲು ಹೊಂದಿಸೋ ಆಸೆ ಬಿಡಿ. ನಾನೂ ಒಂದು ವಾರ ಅದರಲ್ಲೇ ಕಳೆದವನು. ಪಿಲ್ಲೋ ಅನ್ನೋ ಪೈಥಾನ್‌ನ ಚಿತ್ರ ಬರೆಯೋ ಲೈಬ್ರರಿಯಲ್ಲಿ ಪಟ್ಟಿಯನ್ನ ಚಿತ್ರವಾಗಿ ಬರೆದು ಪ್ರಿಂಟರ್‌ಗೆ ಕಳಿಸಿ. ಚೀಲದ ಕಾಲಂ ಇಂಥ ಪಿಕ್ಸೆಲ್‌ಗೆ ಮುಗೀಬೇಕು ಅಂತ ಗೊತ್ತುಮಾಡಿ, ಅಂಕಿಗಳನ್ನ ಬಲಕ್ಕೆ ಒತ್ತಿ.

ಮಂಡಿಹುಡುಗ:
ಅಂಕಿ ನೆಟ್ಟಗೆ ನಿಂತ್ವು ಅಣ್ಣ. ಈಗ ಒತ್ತು ಇಳೀತಿಲ್ಲ, ‘ಚಿತ್‌ರದುರ್‌ಗ’ ಅಂತ ಬರ್ತಿದೆ. ಫಾಂಟ್ ಬದಲಿಸಿದೆ, ಅದೇ ಹಣೆಬರಹ.

ಕೋಟೆಪಕ್ಕ:
ಫಾಂಟ್ ತಪ್ಪಲ್ಲ. ಒತ್ತು ಬೆಸೆಯೋಕೆ ಪಿಲ್ಲೋಗೆ ರಾಕಮ್ ಅನ್ನೋ ಅಕ್ಷರ ಜೋಡಿಸೋ ಲೈಬ್ರರಿ ಬೇಕು. ಅದಿಲ್ಲದಿದ್ದರೆ ಸಂಕೇತಗಳನ್ನ ಸುಮ್ಮನೆ ಸಾಲಾಗಿ ಇಡುತ್ತೆ. ವಿಂಡೋಸ್ ಆದರೆ ರಾಕಮ್‌ಗೆ ಬೇಕಾದ ಸಹಾಯಕ ಫೈಲ್, ಫ್ರೈಬಿಡಿ ಡಿಎಲ್‌ಎಲ್ ಸಿಗದೆ ರಾಕಮ್ ಶುರುವೇ ಆಗ್ತಿರಲ್ಲ. ಮೊದಲು ಆ ಫೈಲ್ ಹಾಕಿ.

ಮಂಡಿಹುಡುಗ:
ಹಾಕಿದೆ, ಬಂತು! ‘ರ್ಗ’ದ ಅರ್ಕಾವತ್ತು ಸರಿಯಾಗಿ ಬಲಕ್ಕೆ ಕೂತಿದೆ. ಮಾವ ಅದನ್ನ ನೋಡಲೇ ಇಲ್ಲ, ‘ದರ ಇನ್ನೂ ದಪ್ಪ ಮಾಡು’ ಅಂದ್ರು.