ಬೆಟ್ಟವೇ ಇಲ್ಲದ ಕಲಬುರಗಿಯಲ್ಲಿ ಕುಮಾರ ಪರ್ವತಕ್ಕೆ ತಯಾರಿ ಹೇಗೆ? (ಜೊತೆಗೆ ಬರುವವರು ಮಾವನವರು)

ತೊಗರಿ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಶರಣು. ನನಗೆ 38 ವರ್ಷ. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಗೆ ಬರುವವರು ನನ್ನ ಹೆಂಡತಿಯ ತಂದೆ, 61 ವರ್ಷ. ಆಳಂದದ ಕಡೆ ಲೈನ್‌ಮನ್ ಆಗಿ ದುಡಿದು ಕಳೆದ ವರ್ಷ ನಿವೃತ್ತರಾದವರು.

ಹಿಂದಿನ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ಪೂಜೆ ಮುಗಿಸಿ ಹೊರಗೆ ಬಂದಾಗ ಮೋಡ ಸರಿದು ದೇವಸ್ಥಾನದ ಹಿಂದಿನ ಬೆಟ್ಟ ಕಾಣಿಸಿತು. ಮಾವನವರು ಕೈಯಲ್ಲಿದ್ದ ತೆಂಗಿನಕಾಯಿ ಹೋಳನ್ನು ಹೆಂಡತಿಗೆ ಕೊಟ್ಟು, ಅಂಗಡಿಯವನನ್ನು ಕೇಳಿದ್ದು ಒಂದೇ ಮಾತು: "ಅದರ ತಲೆಯ ಮೇಲೆ ಹೋಗಲು ದಾರಿ ಇದೆಯೇ?" ಇದೆ ಎಂದು ಆತ ಹೇಳಿದ. ಅಂದಿನಿಂದ ನನಗೆ ನೆಮ್ಮದಿ ಇಲ್ಲ.

ನವೆಂಬರ್ ಕೊನೆಯ ವಾರ ಎಂದು ಗೊತ್ತುಮಾಡಿದ್ದೇವೆ. ಆಮೇಲೆ ಹೊಸ ತೊಗರಿ ಬರತೊಡಗಿದರೆ ನನಗೆ ರಜೆ ಸಿಗುವುದಿಲ್ಲ. ಬೆಟ್ಟದ ಎತ್ತರ 1,712 ಮೀಟರ್. ಕುಕ್ಕೆಯ ಕಡೆಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯುವುದು, ಒಂದೇ ದಿನದಲ್ಲಿ. ಗಿರಿಗದ್ದೆ, ಕಲ್ಲು ಮಂಟಪ, ಶೇಷ ಪರ್ವತದ ಏಣು, ಆಮೇಲೆ ತುದಿ ಎಂದು ಓದಿಕೊಂಡಿದ್ದೇನೆ.

ನನ್ನ ತೊಡಕು ಏನೆಂದರೆ, ಇಲ್ಲಿ ಹತ್ತಲು ಏನೂ ಇಲ್ಲ. ಕಣ್ಣು ಹಾಯುವವರೆಗೆ ಎರೆ ಹೊಲ. ನಮ್ಮ ಕೋಟೆ ಕೂಡ ಬಯಲಿನಲ್ಲೇ ಇದೆ. ಅಪ್ಪನ ಕೆರೆಯ ಸುತ್ತ ಬೆಳಗ್ಗೆ ನಾಲ್ಕು ಸುತ್ತು ಹಾಕುತ್ತೇನೆ. ಅದು ನಡಿಗೆಯೇ ಹೊರತು ಏರಿಕೆಯಲ್ಲ.

ಇನ್ನೊಂದು ತೊಡಕು ಮಾವನವರ ನಡಿಗೆ. ಭಾನುವಾರ ಇಬ್ಬರೂ ಸೇಡಂ ರಸ್ತೆಯಲ್ಲಿ ಬುದ್ಧ ವಿಹಾರದವರೆಗೆ ಹೋಗಿ ಬರುತ್ತೇವೆ. ಅವರು ಮಾತಿಲ್ಲದೆ ಮುಂದೆ ಹೋಗಿಬಿಡುತ್ತಾರೆ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ನನಗಾಗಿ ಕಾಯುತ್ತಾರೆ. ನಾನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ. "ಬಂದಿರಾ? ನಡೆಯಿರಿ" ಎಂದು ಎದ್ದು ಹೊರಡುತ್ತಾರೆ. ಅಂದರೆ ವಿಶ್ರಾಂತಿ ಎಲ್ಲವೂ ಅವರ ಖಾತೆಗೆ, ದಣಿವು ಎಲ್ಲವೂ ನನ್ನ ಖಾತೆಗೆ. ಅಳಿಯನಾಗಿ "ಸ್ವಲ್ಪ ನಿಲ್ಲಿ" ಎನ್ನಲು ನಾಲಿಗೆ ಬರುವುದಿಲ್ಲ. ಅವರ ವಯಸ್ಸಿಗೆ ಇದು ಆಗುವ ಕೆಲಸವೇ? ನನ್ನ ಕೈಲಾದರೂ ಆಗುತ್ತದೆಯೇ? ಹೋಗಿ ಬಂದವರು ಹೇಳಿ.

ಸೀಟಿ ಮಾಸ್ತರ, ಯಾದಗಿರಿ

ಲೆಕ್ಕಿಗ ಸರ್, ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಬೆಟ್ಟ ಇಲ್ಲ ಎಂದು ಕೊರಗಬೇಡಿ, ರೈಲು ಹತ್ತಿ ನಮ್ಮೂರಿಗೆ ಬನ್ನಿ. ಊರ ನಡುವೆಯೇ ಕೋಟೆ ಬೆಟ್ಟ ಇದೆ, ಮೆಟ್ಟಿಲು ಇವೆ, ಬಂಡೆ ಇದೆ. ಬೆಳಗ್ಗೆ ಬಿಸಿಲೇರುವ ಮೊದಲು ಮೂರು ಸಲ ಹತ್ತಿ ಇಳಿಯಿರಿ. ಮುಂದಿನ ವಾರ ನಾಲ್ಕು ಸಲ.

ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ನಾನು ಹೆದರುವುದು ಇಳಿಯುವುದಕ್ಕೆ. ಹತ್ತುವಾಗ ಕೆಲಸ ಶ್ವಾಸದ್ದು, ನಿಂತರೆ ಅದು ಸುಧಾರಿಸುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ಹಿಡಿದಿಡಬೇಕು. ಆ ಕೆಲಸ ಸಪಾಟು ನೆಲದಲ್ಲಿ ನಡೆಯುವವನ ಕಾಲಿಗೆ ಗೊತ್ತೇ ಇರುವುದಿಲ್ಲ. ಅದರ ನೋವು ಅಂದೇ ಕಾಣಿಸುವುದೂ ಇಲ್ಲ. ಮರುದಿನ, ಅದರ ಮರುದಿನ ಶೌಚಾಲಯದಲ್ಲಿ ಕುಳಿತವನು ಏಳಲಾರದೆ ಗೋಡೆ ಹಿಡಿಯುತ್ತಾನೆ. ಒಳ್ಳೆಯ ಸಂಗತಿ ಏನೆಂದರೆ, ಆ ನೋವನ್ನು ಒಮ್ಮೆ ಉಂಡ ಕಾಲು ಮುಂದಿನ ಕೆಲವು ವಾರ ಅಂಥದೇ ಇಳಿಜಾರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ಹೊರಡುವ ಹತ್ತು ಹದಿನೈದು ದಿನ ಮೊದಲು ಒಮ್ಮೆ ಚೆನ್ನಾಗಿ ಇಳಿದು ಕಾಲು ನೋಯಿಸಿಕೊಳ್ಳಿ. ಹೊರಡುವ ಹಿಂದಿನ ದಿನ ಬೇಡ.

ಕಲಬುರಗಿಯಲ್ಲೇ ಇರುವ ದಿನಗಳಲ್ಲಿ ಮೂರು ಅಂತಸ್ತಿನ ಕಟ್ಟಡ ಸಾಕು. ಬೆನ್ನಿಗೆ ಐದು ಕಿಲೋ ತೊಗರಿಬೇಳೆ ಕಟ್ಟಿಕೊಳ್ಳಿ, ನಿಮಗೆ ಅದಕ್ಕೇನೂ ಬರವಿಲ್ಲವಲ್ಲ. ಹಿರಿಯರಿಗೆ ಮಾತ್ರ ರಕ್ತದೊತ್ತಡ, ಇಸಿಜಿ ಮಾಡಿಸದೆ ಹೊರಡಬೇಡಿ.

ಎರೆ ನೆಲದವ

ಒಂದು ಬೆಟ್ಟಕ್ಕಾಗಿ ರಾಜ್ಯದ ಈ ತುದಿಯಿಂದ ಆ ತುದಿಗೆ ಓಡಬೇಕೇ? ನಮ್ಮ ಚಿಂಚೋಳಿ ಏನು ಪಾಪ ಮಾಡಿದೆ? ಚಂದ್ರಂಪಳ್ಳಿ ಜಲಾಶಯದ ಸುತ್ತ ಗುಡ್ಡಗಳಿವೆ, ಗೊಟ್ಟಂಗೊಟ್ಟದ ಕಾಡಿದೆ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯೂ ಆಗಿದೆ. ನಮ್ಮವರೇ ನೋಡುವುದಿಲ್ಲ.

ಕೋಟೆಗೋಡೆ ಅಕ್ಕ, ಬೀದರ್

ಎರೆ ನೆಲದವರೇ, ಚಿಂಚೋಳಿ ಚೆನ್ನಾಗಿದೆ, ಒಪ್ಪಿದೆ. ಆದರೆ ಮಾವನವರು ಬೊಟ್ಟುಮಾಡಿ ತೋರಿಸಿದ್ದು ಬೇರೆ ಬೆಟ್ಟವನ್ನು. ಅದಕ್ಕೆ ಬದಲಿ ಕೊಡಲಾಗುವುದಿಲ್ಲ.

ತಮ್ಮಾ, ನಾನು ಮತ್ತು ನಮ್ಮ ಯಜಮಾನರು ಎರಡು ವರ್ಷದ ಹಿಂದೆ ಹೋಗಿದ್ದೆವು. ಅರ್ಧ ದಾರಿಯಲ್ಲಿ ನಾವಿಬ್ಬರೂ ಮಾತು ಬಿಟ್ಟೆವು. ಕಾರಣ ನೀರು. ಎರಡೂ ಬಾಟಲಿ ಅವರ ಚೀಲದಲ್ಲಿ, ಅವರು ಅರ್ಧ ಮೈಲಿ ಮುಂದೆ. ಗಿರಿಗದ್ದೆ ದಾಟಿದ ಮೇಲೆ ಮರವಿಲ್ಲ, ಬರೀ ಹುಲ್ಲುಗಾವಲು, ನೆತ್ತಿಯ ಮೇಲೆ ಸೂರ್ಯ. ಬಾಯಿ ಒಣಗಿ ಕೂಗಲೂ ಆಗಲಿಲ್ಲ. ಆದ್ದರಿಂದ ಅವರವರ ನೀರು, ಅವರವರ ಬುತ್ತಿ, ಅವರವರ ಟಾರ್ಚು ಅವರವರ ಬೆನ್ನ ಮೇಲೇ ಇರಲಿ. ಮತ್ತೆ, ನಿಧಾನಿಗರು ಮುಂದೆ ನಡೆಯಬೇಕು, ಚುರುಕಿನವರು ಹಿಂದೆ. ಮಾವನವರಿಗೆ ಹೇಳಲು ಸಂಕೋಚವಾದರೆ ನಿಮ್ಮ ಹೆಂಡತಿಯಿಂದ ಹೇಳಿಸಿ. ಮಗಳ ಮಾತನ್ನು ಯಾವ ತಂದೆಯೂ ತೆಗೆದುಹಾಕುವುದಿಲ್ಲ.

ನೀವು ಲೆಕ್ಕದವರಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲೇ ಹಾಕಿಕೊಟ್ಟ ಸೂತ್ರ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಹೋಗಿ ಬರುವುದು ಸುಮಾರು 25 ಕಿಲೋಮೀಟರ್, ಏರಿಕೆ ಹೆಚ್ಚು ಕಡಿಮೆ 1,600 ಮೀಟರ್. ಕೂಡಿಸಿದರೆ ಏಳೂಮುಕ್ಕಾಲು ಗಂಟೆ. ಇದರಲ್ಲಿ ಊಟ, ಫೋಟೊ, ಜಗಳ ಯಾವುದೂ ಸೇರಿಲ್ಲ. ನವೆಂಬರಿನಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಎಷ್ಟು ಗಂಟೆಗೆ ಹಿಂದಿರುಗುವುದು ಎಂದು ಕೆಳಗೇ ಮಾತಾಡಿಕೊಂಡು ಹೊರಡಿ. ಮೇಲೆ ಹೋದ ಮೇಲೆ ಬುದ್ಧಿ ಕೆಲಸ ಮಾಡುವುದಿಲ್ಲ.

ಪುತ್ತೂರಿನಲ್ಲಿರುವ ಜೇವರ್ಗಿಯವ

ನಾಲ್ಕು ವರ್ಷದಿಂದ ಇಲ್ಲಿ ನೌಕರಿ. ಅಕ್ಕ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಮುಂಗಡವಾಗಿ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಂತಿಷ್ಟೇ ಜನ ಎಂದು ಅರಣ್ಯ ಇಲಾಖೆ ಮಿತಿ ಹಾಕಿದೆ. ಮಳೆಗಾಲದಲ್ಲಿ ದಾರಿ ಬಂದ್, ಬೇಸಿಗೆಯಲ್ಲೂ ಕಾಡ್ಗಿಚ್ಚಿನ ಭಯಕ್ಕೆ ಬಂದ್ ಮಾಡುತ್ತಾರೆ. ಸೊಲ್ಲಾಪುರ–ಹಾಸನ ರೈಲು ಕಲಬುರಗಿಯ ಮೇಲೆಯೇ ಬರುತ್ತದೆ. ರಾತ್ರಿ ಹತ್ತಿ ಮಲಗಿದರೆ ಮರುದಿನ ಹಾಸನ, ಅಲ್ಲಿಂದ ಸಕಲೇಶಪುರದ ಮೇಲೆ ಬಸ್ಸು.

ನಮ್ಮ ಕಡೆಯವರಿಗೆ ಇಲ್ಲಿ ಮೋಸ ಮಾಡುವುದು ಬಿಸಿಲಲ್ಲ, ಬೆವರು. ಕಲಬುರಗಿಯಲ್ಲಿ ಬೆವರು ಹುಟ್ಟಿದ್ದು ಗೊತ್ತಾಗುವ ಮೊದಲೇ ಆರಿಹೋಗಿ ಮೈ ತಣಿಯುತ್ತದೆ. ಇಲ್ಲಿನ ಹಸಿ ಗಾಳಿಯಲ್ಲಿ ಅದು ಆರುವುದೇ ಇಲ್ಲ, ಸುರಿಯುತ್ತದೆ, ಮೈ ಮಾತ್ರ ಕಾದೇ ಇರುತ್ತದೆ. 43 ಡಿಗ್ರಿ ನೋಡಿದವನು ನಾನು ಎಂಬ ಜಂಬದಲ್ಲಿ ಮೊದಲ ಸಲ ಹೋಗಿ ಗಿರಿಗದ್ದೆಯಲ್ಲೇ ಅಡ್ಡ ಬಿದ್ದಿದ್ದೆ. ನೀರಿನ ಜೊತೆ ಉಪ್ಪೂ ಇರಲಿ.

ತೊಗರಿ ಲೆಕ್ಕಿಗ, ಕಲಬುರಗಿ

ಹೋಗಿ ಬಂದೆವು. ಹೇಳಿದ ಮಾತಿನಂತೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಮಾಸ್ತರ ಮಾತು ಕೇಳಿ ಐದು ಭಾನುವಾರ ಯಾದಗಿರಿ ಕೋಟೆ ಹತ್ತಿದೆವು. ಮೊದಲ ವಾರದ ಮರುದಿನ ಮಿಲ್ಲಿನಲ್ಲಿ ಕುರ್ಚಿಯಿಂದ ಏಳುವಾಗ ನಾನು ಮಾಡಿದ ಸದ್ದಿಗೆ ಹಮಾಲರು ತಿರುಗಿ ನೋಡಿದರು. ಐದನೆಯ ವಾರಕ್ಕೆ ಸದ್ದು ನಿಂತಿತ್ತು. ಮಾವನವರು ಇಸಿಜಿ ಮಾಡಿಸಿಕೊಂಡರು, ಆದರೆ ಶೂ ಮಾತ್ರ ಅಂಗಡಿಯಲ್ಲಿ ಕಾಲಿಗೆ ಬಿಗಿಯಾಗಿ ಕುಳಿತದ್ದೇ ಬೇಕೆಂದರು.

ದೇವರಗದ್ದೆಯಿಂದ ಬೆಳಗ್ಗೆ ಆರೂಕಾಲಿಗೆ ಹೊರಟೆವು. ನಾನು ಮುಂದೆ, ಅವರು ಹಿಂದೆ. ಹಿಂದಿನ ರಾತ್ರಿ ಅವರ ಮಗಳು ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದಳು. ಭೀಮನ ಕಲ್ಲಿನ ಹತ್ತಿರವೇ ನನ್ನ ಅಂಗಿ ಹಿಂಡುವಂತಾಗಿತ್ತು. ಹಿಂದೆ ಅವರ ಹೆಜ್ಜೆಯ ಸಪ್ಪಳ ಒಂದೇ ಸಮ ಕೇಳುತ್ತಿತ್ತು, ಗಡಿಯಾರದಂತೆ. ಒಮ್ಮೆಯೂ ನನ್ನನ್ನು ದಾಟಲಿಲ್ಲ. ನಾನು ನಿಂತರೆ ಅವರೂ ನಿಂತು ಮರದ ತುದಿ ನೋಡುತ್ತಿದ್ದರು.

ಗಿರಿಗದ್ದೆಯಲ್ಲಿ ಬುತ್ತಿ ಬಿಚ್ಚಿದಾಗ ಒಂದು ಅನಾಹುತ ಗೊತ್ತಾಯಿತು. ಅತ್ತೆಯವರು ಇಪ್ಪತ್ತು ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದರು. ನಮ್ಮೂರಲ್ಲಿ ತಿಂಗಳಿಟ್ಟರೂ ಹಪ್ಪಳದಂತೆ ಮುರಿಯುವ ರೊಟ್ಟಿ, ಕುಕ್ಕೆಯ ಗಾಳಿಗೆ ಒಂದೇ ರಾತ್ರಿಯಲ್ಲಿ ಒದ್ದೆ ಬಟ್ಟೆಯಂತೆ ಬಾಗಿತ್ತು. ಮಾವನವರು ಒಂದನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಲು ನೋಡಿದರು, ಮಡಚಿಕೊಂಡಿತು. ಏನೂ ಹೇಳದೆ ಶೇಂಗಾ ಹಿಂಡಿ ಸವರಿ ಸುರುಳಿ ಸುತ್ತಿ ತಿಂದರು. ಇಡೀ ದಿನದಲ್ಲಿ ಅವರ ಮುಖ ಬಾಡಿದ್ದು ಅದೊಂದೇ ಸಲ. ಶೇಂಗಾ ಹೋಳಿಗೆ ಮಾತ್ರ ಕೈಬಿಡಲಿಲ್ಲ, ಮುಂದೆ ಹೋಗುವವರಿಗೆ ಅದನ್ನೇ ಹೇಳುತ್ತೇನೆ.

ಆಮೇಲೆ ಅಕ್ಕ ಬರೆದ ಹುಲ್ಲುಗಾವಲು. ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ತಲೆ ತಗ್ಗಿಸಿ ನನ್ನ ಶೂಗಳನ್ನು ನೋಡಿದ್ದೇ ನೆನಪು. ಕಲ್ಲು ಮಂಟಪ ದಾಟಿ ಶೇಷ ಪರ್ವತದ ಏಣಿನ ಮೇಲೆ ನಿಂತಾಗ ಹನ್ನೆರಡೂ ಇಪ್ಪತ್ತು. ಒಂದು ಪಕ್ಕ ನೆಲವೇ ಇಲ್ಲ, ಮೋಡ ನಮ್ಮ ಕಾಲ ಕೆಳಗಿನಿಂದ ಎದ್ದು ಬರುತ್ತಿತ್ತು. ಎದುರಿಗೆ ತುದಿ. ನಡುವೆ ಒಂದು ಇಳಿತ, ಒಂದು ತುಂಡು ಕಾಡು, ಬಂಡೆಯ ಏರು, ಅಷ್ಟೇ. ಅಲ್ಲಿ ನಿಂತ ಜನ ಕೂಡ ಕಾಣುತ್ತಿದ್ದರು, ಇರುವೆಗಳ ಹಾಗೆ.

ಹನ್ನೆರಡೂವರೆಗೆ ಎಲ್ಲಿದ್ದರೂ ತಿರುಗುವುದು ಎಂದು ಕೆಳಗೆ ಮಾತಾಗಿತ್ತು. ಮಾತು ಮುರಿಯಲು ಹೊರಟವನು ನಾನೇ. "ಇನ್ನೊಂದು ತಾಸು ಮಾವ, ಇಷ್ಟು ದೂರ ಬಂದು..." ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಅವರ ಆಸೆಯೇ ಎಂದು ಅಂದುಕೊಂಡಿದ್ದೆ. ಅವರು ಬಂಡೆಯ ಮೇಲೆ ಕುಳಿತು ಬೆಟ್ಟಕ್ಕೆ ಕೈಮುಗಿದು, ಗಡಿಯಾರ ನೋಡಿ ಎದ್ದರು. "ಎಲ್‌ಸಿ ತೆಗೆದುಕೊಂಡು ಕಂಬ ಹತ್ತಿದವನು ಕಂಬದ ಮೇಲೆ ಕುಳಿತು ಹೊತ್ತು ಬದಲಿಸಬಾರದು" ಎಂದರು.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿಗೆ ಹೇಳಿ ವಿದ್ಯುತ್ ಬಂದ್ ಮಾಡಿಸಿಕೊಂಡು ಕಂಬ ಹತ್ತುವುದು, ಇಳಿದ ಮೇಲೆ ಅದನ್ನು ವಾಪಸ್ ಕೊಡುವುದು. ಇಬ್ಬರು ಹೋದರೆ ಒಬ್ಬ ಮೇಲೆ, ಒಬ್ಬ ಕೆಳಗೆ. ಮೇಲಿನವನು ಮನಸ್ಸಿಗೆ ಬಂದಂತೆ ಕೆಲಸ ಬೆಳೆಸಿದರೆ ಕೆಳಗಿನವನ ಲೆಕ್ಕ ತಪ್ಪುತ್ತದೆ ಎಂದು ಇಳಿಯುತ್ತಾ ವಿವರಿಸಿದರು. ಅಷ್ಟು ವರ್ಷದ ನೌಕರಿಯ ಬಗ್ಗೆ ಅವರು ನನ್ನ ಜೊತೆ ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಮಿಂಚು ಹೊಡೆದ ಟ್ರಾನ್ಸ್‌ಫಾರ್ಮರ್, ಜೋಳದ ಹೊಲದಲ್ಲಿ ರಾತ್ರಿ ತಂತಿ ಹುಡುಕಿದ್ದು, ಕಂಬದಿಂದ ಬಿದ್ದ ಜೊತೆಗಾರ. ಕಲ್ಲು ಮಂಟಪದಿಂದ ಗಿರಿಗದ್ದೆಯವರೆಗೆ ಬಿಸಿಲೇ ನೆನಪಾಗಲಿಲ್ಲ.

ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ ಮಾತು ನಿಂತಿತು. ಒಣಗಿದ ಎಲೆಯ ಕೆಳಗೆ ಉರುಟು ಕಲ್ಲು, ಬೇರು. ನನ್ನ ಮೊಣಕಾಲು ಪ್ರತಿ ಹೆಜ್ಜೆಗೂ ನಡುಗುತ್ತಿತ್ತು. ಮಾವನವರು ಒಂದು ಕೋಲು ಹುಡುಕಿ, ನನಗೆ ಕೊಡದೆ, ತಾವೇ ಊರಿಕೊಂಡರು. ಆಗ ಗೊತ್ತಾಯಿತು ಅವರಿಗೂ ನೋಯುತ್ತಿದೆ ಎಂದು. ಐದೂಕಾಲಿಗೆ ಟಾರ್ಚು ಬೇಕಾಯಿತು. ದೇವರಗದ್ದೆ ತಲುಪಿದ್ದು ಆರಕ್ಕೆ ಹತ್ತು ನಿಮಿಷ ಇರುವಾಗ. ಆ ಇನ್ನೊಂದು ತಾಸಿಗೆ ನಾನು ಹಠ ಹಿಡಿದಿದ್ದರೆ ಆ ಕಲ್ಲುಗಳನ್ನು ಕತ್ತಲಲ್ಲಿ ಇಳಿಯಬೇಕಾಗುತ್ತಿತ್ತು.

ಈಗೊಂದು ಪ್ರಶ್ನೆ. ಮಾವನವರ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ಮನೆಯಲ್ಲಿ ಯಾರಿಗೂ ತೋರಿಸುತ್ತಿಲ್ಲ, ನನಗೆ ಮಾತ್ರ ಗೊತ್ತು. ಏನು ಮಾಡಬೇಕು?

ಸೀಟಿ ಮಾಸ್ತರ, ಯಾದಗಿರಿ

ಬಿಗಿ ಶೂ ಎಂದು ಓದುವಾಗಲೇ ಅಂದುಕೊಂಡೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂವಿನ ಮೂತಿಗೆ ಗುದ್ದುತ್ತಲೇ ಇರುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ನೋವು, ಬಾವು ಇಲ್ಲದಿದ್ದರೆ ಉಗುರನ್ನು ಅದರ ಪಾಡಿಗೆ ಬಿಡಿ. ಬಿದ್ದರೂ ಹೊಸದು ಬರುತ್ತದೆ, ತಿಂಗಳುಗಳು ಬೇಕು. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಕಾಯಬೇಡಿ, ಇವತ್ತೇ ವೈದ್ಯರಿಗೆ ತೋರಿಸಿ. ಮುಂದಿನ ಸಲ ಒಂದು ಅಳತೆ ದೊಡ್ಡ ಶೂ ಕೊಳ್ಳಿ, ಸಂಜೆ ಹೊತ್ತು ಹೋಗಿ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿ.

ತೊಗರಿ ಲೆಕ್ಕಿಗ, ಕಲಬುರಗಿ

ಸಕ್ಕರೆ ಇಲ್ಲ ಸರ್. ಶೂ ವಿಷಯ ಹೇಳಿದೆ. "ಈಗಲೇ ಕೊಂಡರೆ ಮುಂದಿನ ನವೆಂಬರಿಗೆ ಮೆತ್ತಗಾಗಿರುತ್ತದೆ" ಎಂದರು. ಟಿಕೆಟ್ ಯಾವಾಗ ಬಿಡುತ್ತಾರೆ, ಜೇವರ್ಗಿಯವರೇ?