ಕುಂಡದ ತಾಳೆಗೆ ‘ತೇವಾಂಶ’ ಬೇಕು ಎಂದರೆ ಮಣ್ಣಿನದೋ, ಗಾಳಿಯದೋ?

ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಉಷ್ಣವಲಯದ ತಾಳೆಗಿಡಗಳ ಆರೈಕೆಯನ್ನು ಕುರಿತು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನನ್ನು ಎಡವಿಸಿದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳುವುದು ಈ ಬರಹದ ಉದ್ದೇಶ. ಪ್ರಶ್ನೆ ಹುಟ್ಟಿದ್ದು ನನ್ನದೇ ಒಂದು ವಾಕ್ಯದಿಂದ. ‘ಈ ಗಿಡಕ್ಕೆ ಹೆಚ್ಚಿನ ತೇವಾಂಶ ಬೇಕು’ ಎಂದು ಕರಡಿನಲ್ಲಿ ಬರೆದಿದ್ದೆ. ಅದನ್ನು ಓದಿದ ನನ್ನ ಚಿಕ್ಕಮ್ಮ ಆ ಮಾತನ್ನು ಶ್ರದ್ಧೆಯಿಂದ ಪಾಲಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಕುಂಡಕ್ಕೆ ನೀರು ಹಾಕುತ್ತಾ ಬಂದರು. ಕೆಲವೇ ವಾರಗಳಲ್ಲಿ ಬೇರು ಕೊಳೆತು, ಸುಳಿಯನ್ನು ಮೆಲ್ಲಗೆ ಹಿಡಿದೆಳೆದರೆ ಅದು ಕೈಗೇ ಕಿತ್ತು ಬಂತು. ನಾನು ಹೇಳಹೊರಟಿದ್ದು ಕೋಣೆಯ ಗಾಳಿಯ ವಿಷಯ. ಅವರು ತಿಳಿದುಕೊಂಡದ್ದು ಮಣ್ಣಿನ ವಿಷಯ. ತಪ್ಪು ಅವರದಲ್ಲ, ಪದದ್ದು, ಅಥವಾ ಆ ಪದವನ್ನು ಆರಿಸಿದ ನನ್ನದು.

‘ತೇವಾಂಶ’ವನ್ನು ನಾವು ಎರಡಕ್ಕೂ ಬಳಸುತ್ತೇವೆ. ಮಣ್ಣಿನ ತೇವಾಂಶ, ವಾತಾವರಣದ ತೇವಾಂಶ ಎಂದು ಹಿಂದೊಂದು ವಿಶೇಷಣ ಇರುವವರೆಗೆ ಗೊಂದಲವಿಲ್ಲ. ವಿಶೇಷಣ ಬಿಟ್ಟುಹೋದ ಕೂಡಲೇ ಓದುಗರ ಮನಸ್ಸು ಸಹಜವಾಗಿ ಕೈಗೆ ತಾಗುವ ಮಣ್ಣಿನ ಕಡೆಗೇ ಹೋಗುತ್ತದೆ. ಕುಂಡದ ತಾಳೆಯ ವಿಷಯದಲ್ಲಿ ಈ ಗೊಂದಲ ಬೇರೆ ಗಿಡಗಳಿಗಿಂತ ಹೆಚ್ಚು ದುಬಾರಿ, ಏಕೆಂದರೆ ಈ ಗಿಡ ಬಯಸುವುದು ತೇವದ ಗಾಳಿಯನ್ನು, ಆದರೆ ನೀರು ನಿಂತ ಬೇರನ್ನಲ್ಲ. ಗಾಳಿ ಒಣಗಿದರೆ ಗರಿಯ ತುದಿ ಕಂದಾಗುತ್ತದೆ. ಬೇರಿನ ಬುಡದಲ್ಲಿ ನೀರು ನಿಂತರೆ ಗಿಡವೇ ಹೋಗುತ್ತದೆ. ಮೊದಲನೆಯ ತೊಂದರೆಗೆ ಪರಿಹಾರವೆಂದು ಹೇಳಿದ ಪದ ಎರಡನೆಯ ತೊಂದರೆಯನ್ನು ತಂದೊಡ್ಡುವಂತಿದ್ದರೆ ಆ ಪದವನ್ನು ಕೈಬಿಡಬೇಕೆಂದು ನನಗನಿಸುತ್ತದೆ.

ಪದದ ಒಳಗೇ ಇನ್ನೊಂದು ತೊಡಕಿದೆ. ‘ಅಂಶ’ ಎಂದರೆ ಒಂದು ವಸ್ತುವಿನಲ್ಲಿ ಇನ್ನೊಂದು ಎಷ್ಟು ಪಾಲಿದೆ ಎಂಬ ಲೆಕ್ಕ. ಮಣ್ಣಿಗೆ, ಕಾಳಿಗೆ, ಮರಕ್ಕೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಗಿಡಗಳ ಆರೈಕೆಯಲ್ಲಿ ಶೇಕಡ 50 ಎಂದೋ 60 ಎಂದೋ ಹೇಳುವುದು ಗಾಳಿಯಲ್ಲಿರುವ ನೀರಿನ ಪಾಲನ್ನಲ್ಲ. ಆ ಉಷ್ಣತೆಯಲ್ಲಿ ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದೋ ಅದರಲ್ಲಿ ಎಷ್ಟು ಭಾಗ ತುಂಬಿದೆ ಎಂಬುದನ್ನು. ಕೋಣೆಯನ್ನು ಬಿಸಿ ಮಾಡಿದರೆ ಒಂದು ಹನಿ ನೀರೂ ಹೊರಹೋಗದೆ ಈ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಪಠ್ಯಪುಸ್ತಕಗಳ ‘ಸಾಪೇಕ್ಷ ಆರ್ದ್ರತೆ’ ಎಂಬುದೇ ಶಾಸ್ತ್ರೀಯವಾಗಿ ಸರಿ, ಸಂಖ್ಯೆ ಹೇಳುವ ಕಡೆ ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ. ಉಳಿದೆಡೆ ‘ಆರ್ದ್ರತೆ’ ಎಂದು ಬರೆದರೆ, ಆ ಪದ ಹೃದಯಕ್ಕೆ ಒಗ್ಗಿದಷ್ಟು ಕೋಣೆಗೆ ಒಗ್ಗುವುದಿಲ್ಲ. ದಯಾರ್ದ್ರ ಎಂಬುದನ್ನು ಕೇಳಿದವರು ಬಹಳ, ಆರ್ದ್ರವಾದ ಕೋಣೆ ಎಂದವರನ್ನು ನಾನು ಕಂಡಿಲ್ಲ. ‘ಗಾಳಿಯ ತೇವ’ ಎಂದರೆ ಸಾಕಲ್ಲವೇ? ಎರಡು ಸಣ್ಣ ಪದಗಳು, ಆದರೆ ಗಾಳಿ ಎಂಬುದು ಮುಂದೆ ನಿಂತಿರುವುದರಿಂದ ಯಾರೂ ತಂಬಿಗೆ ಹಿಡಿದು ಕುಂಡದ ಬಳಿ ಹೋಗುವುದಿಲ್ಲ.

ಇನ್ನು ಮಣ್ಣಿನ ಕಡೆಗೆ ಬಂದರೆ ಕನ್ನಡ ಬಡವಾಗಿಲ್ಲ. ತೊಂದರೆ ಇರುವುದು ಸಮೃದ್ಧಿಯಲ್ಲೇ. ಪಸೆ, ತೇವ, ಹಸಿ, ಒದ್ದೆ, ಜವುಗು, ಕೆಸರು ಇಷ್ಟೂ ನೀರಿನ ಬೇರೆ ಬೇರೆ ಹಂತಗಳನ್ನು ಹೇಳುತ್ತವೆ, ಆದರೆ ಅವುಗಳ ನಡುವಿನ ಗಡಿ ಬರಹದಲ್ಲಿ ಮಸುಕಾಗಿದೆ. ನನ್ನ ಕಿವಿಗೆ ‘ಪಸೆ’ ಎಂದರೆ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗಿನ ತೇವ, ಮುಟ್ಟಿದರೆ ತಂಪೆನಿಸುವ ಆದರೆ ಬೆರಳಿಗೆ ನೀರು ಅಂಟದ ಸ್ಥಿತಿ. ಗಂಟಲ ಪಸೆ ಆರಿತು ಎನ್ನುವಾಗ ಇರುವ ಅರ್ಥವೇ ಅದು. ‘ಒದ್ದೆ’ ಎಂದರೆ ಹಿಂಡಿದರೆ ನೀರು ಬರುವಂಥದು. ‘ಜವುಗು’ ಎಂದರೆ ನೀರು ಇಳಿದುಹೋಗಲು ದಾರಿಯಿಲ್ಲದೆ ನಿಂತದ್ದು. ಈ ಮೂರನ್ನು ಇಟ್ಟುಕೊಂಡರೆ, ತಾಳೆಗೆ ಮಣ್ಣು ಹೇಗಿರಬೇಕು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಪಸೆ ಆರಬಾರದು, ಜವುಗು ಆಗಬಾರದು. ‘ಸಾಕಷ್ಟು ಪ್ರಮಾಣದ ತೇವಾಂಶವನ್ನು ಕಾಯ್ದುಕೊಳ್ಳಿ’ ಎಂಬ ಅನುವಾದದ ವಾಕ್ಯಕ್ಕಿಂತ ಇದು ಹೆಚ್ಚು ನಿಖರ ಎಂದು ನನ್ನ ನಂಬಿಕೆ, ಆದರೆ ‘ಪಸೆ’ ಇಂದಿನ ಓದುಗರಿಗೆ ಎಷ್ಟರ ಮಟ್ಟಿಗೆ ಪರಿಚಿತ ಎಂಬುದೇ ನನ್ನ ಅನುಮಾನ.

ಇದಕ್ಕೆ ಅಂಟಿಕೊಂಡೇ ‘ಆರು’ ಮತ್ತು ‘ಒಣಗು’ ಎಂಬ ಎರಡು ಕ್ರಿಯಾಪದಗಳಿವೆ. ಬಟ್ಟೆ ಆರಿತು, ಬಟ್ಟೆ ಒಣಗಿತು ಎಂದು ಎರಡನ್ನೂ ಹೇಳುತ್ತೇವಾದರೂ, ಆರುವುದು ಮೇಲ್ಮೈಯಿಂದ ಶುರುವಾಗುವ, ಮತ್ತೆ ಸರಿಹೋಗಬಹುದಾದ ಸ್ಥಿತಿ, ಒಣಗುವುದು ಒಳಗಿನ ತನಕ ನೀರು ಹೋದ ಸ್ಥಿತಿ ಎಂದು ನನಗೆ ತೋರುತ್ತದೆ. ಮರ ಒಣಗಿತು ಎನ್ನುತ್ತೇವೆ, ಮರ ಆರಿತು ಎನ್ನುವುದಿಲ್ಲ. ತಾಳೆಗೆ ಮುಂದಿನ ಸಲ ನೀರು ಹಾಕಬೇಕಾದದ್ದು ಮೇಲಿನ ಒಂದೆರಡು ಅಂಗುಲ ಮಣ್ಣು ಆರಿದಾಗ. ಕುಂಡ ಪೂರ್ತಿ ಒಣಗುವವರೆಗೆ ಕಾಯಬಾರದು. ‘ಮೇಲ್ಮಣ್ಣು ಆರಲಿ, ಒಳಮಣ್ಣು ಒಣಗದಿರಲಿ’ ಎಂದು ಬರೆದಿದ್ದೇನೆ. ಈ ವ್ಯತ್ಯಾಸ ಎಲ್ಲ ಕಡೆಯ ಆಡುಮಾತಿನಲ್ಲೂ ಉಳಿದಿದೆಯೇ, ಅಥವಾ ಇದು ನನ್ನ ಮನೆಮಾತಿನ ಭ್ರಮೆಯೇ ಎಂಬುದನ್ನು ತಿಳಿದವರು ಹೇಳಬೇಕು.

ನೀರು ಹಾಕುವ ಕ್ರಿಯೆಗೂ ಪದ ಆರಿಸಬೇಕಾಯಿತು. ಚಿಮುಕಿಸುವುದು, ಸಿಂಪಡಿಸುವುದು, ಹನಿಸುವುದು, ಎರೆಯುವುದು ಒಂದೇ ಅಲ್ಲ. ತಾಳೆಗೆ ದಿನವೂ ಒಂದಿಷ್ಟು ಚಿಮುಕಿಸಿದರೆ ಮೇಲ್ಪದರ ಒದ್ದೆಯಾಗಿ ಆಳದ ಬೇರಿಗೆ ಏನೂ ಸಿಗುವುದಿಲ್ಲ. ತಳದ ತೂತಿನಿಂದ ನೀರು ಹೊರಬರುವವರೆಗೆ ಒಮ್ಮೆ ಎರೆದು, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಆಮೇಲೆ ಮೇಲ್ಮಣ್ಣು ಆರುವವರೆಗೆ ಸುಮ್ಮನಿರಬೇಕು. ‘ಎರೆ’ ಎಂಬ ಧಾತುವಿನಲ್ಲಿ ಧಾರಾಳದ ಭಾವವಿದೆ, ಅದೇ ಇಲ್ಲಿ ಬೇಕಾದದ್ದು. ನೀರು ಇಳಿದುಹೋಗುವುದಕ್ಕೆ ಕೆಲವು ಬರಹಗಳಲ್ಲಿ ‘ಜಲನಿರ್ಗಮನ ಸಾಮರ್ಥ್ಯ’ ಎಂದು ಕಂಡೆ. ಬಸಿಗಾಲುವೆ ಎಂಬ ಪದ ಉಳ್ಳ ಭಾಷೆಯಲ್ಲಿ ಇದರ ಅಗತ್ಯ ಏನಿತ್ತೋ ತಿಳಿಯದು. ನೀರು ಬಸಿಯುವ ಮಣ್ಣು ಎಂದರೆ ಮುಗಿಯಿತು.

ಬೆಳಕಿನ ವಿಷಯದಲ್ಲಿ ಕನ್ನಡಕ್ಕಿರುವ ಅನುಕೂಲವನ್ನು ನಾವೇ ಬಿಟ್ಟುಕೊಡುತ್ತಿದ್ದೇವೆ. ಆರೈಕೆಯ ಬರಹಗಳಲ್ಲಿ ‘ಪ್ರಖರವಾದ ಪರೋಕ್ಷ ಸೂರ್ಯಪ್ರಕಾಶ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ, ಅದನ್ನು ಓದಿದವರು ‘ಪರೋಕ್ಷ’ ಎಂಬಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾರೆ. ನಮ್ಮಲ್ಲಿ ಬಿಸಿಲು ಬೇರೆ, ಬೆಳಕು ಬೇರೆ. ಮೈಗೆ ಬಿಸಿ ತಾಗಿಸುವಂತೆ ನೇರ ಬೀಳುವುದು ಬಿಸಿಲು. ಕಣ್ಣಿಗೆ ಕಾಣಿಸುವುದು ಬೆಳಕು. ‘ಬೆಳಕು ಬೇಕು, ಬಿಸಿಲು ಬೇಡ’ ಎಂಬ ನಾಲ್ಕು ಪದಗಳಲ್ಲಿ ಇಡೀ ಸೂಚನೆ ಅಡಗುತ್ತದೆ. ಬೆಳಗಿನ ಎಳೆಬಿಸಿಲು ಹೆಚ್ಚಿನ ತಾಳೆಗಳಿಗೆ ತೊಂದರೆ ಮಾಡುವುದಿಲ್ಲವೆಂದು ಹೇಳಬೇಕಾದಾಗ ಅದಕ್ಕೂ ಪದ ಸಿದ್ಧವಾಗಿದೆ. ಎಚ್ಚರ ಬೇಕಾದದ್ದು ‘ನೆರಳು’ ಎಂಬ ಪದದಲ್ಲಿ. ಮರದ ಕೆಳಗಿನ ನೆರಳಿಗೂ ಕೋಣೆಯ ಮೂಲೆಗೂ ಒಂದೇ ಪದ ಬಳಸಿದರೆ, ನೆರಳಲ್ಲಿ ಬೆಳೆಯುವ ಗಿಡ ಎಂದು ಓದಿದವರು ಅದನ್ನು ಕಪಾಟಿನ ಹಿಂದೆ ಇಡುತ್ತಾರೆ. ಬಯಲಿನ ನೆರಳಿನಲ್ಲಿ ಇರುವ ಬೆಳಕು ಕಿಟಕಿಯಿಂದ ದೂರವಿರುವ ಮೂಲೆಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು; ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಳ್ಳುವುದರಿಂದ ನಮಗದು ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಮನೆಯೊಳಗಿನ ಗಿಡದ ಬರಹದಲ್ಲಿ ‘ನೆರಳು’ ಎಂಬುದನ್ನೇ ಬಿಟ್ಟು, ಹಗಲಿನಲ್ಲಿ ದೀಪವಿಲ್ಲದೆ ಪುಸ್ತಕ ಓದಲು ಸಾಧ್ಯವಾಗುವ ಜಾಗ ಎಂದು ವಿವರಿಸಿದ್ದೇನೆ.

ಗಿಡದ ಹೆಸರಿಗೆ ಬಂದರೆ ಸ್ವಲ್ಪ ತಮಾಷೆಯೂ ಇದೆ. ಮನೆಗಳಲ್ಲಿ ಅತಿ ಹೆಚ್ಚು ಕಾಣುವ ‘ಅರೆಕಾ ಪಾಮ್’ ಮಡಗಾಸ್ಕರ್ ದ್ವೀಪದ್ದು. ಅದು ಅಡಿಕೆಯ ಕುಲಕ್ಕೆ ಸೇರಿದ್ದಲ್ಲ. ಬಹುಕಾಲ ಡಿಪ್ಸಿಸ್ ಲುಟೆಸೆನ್ಸ್ ಎಂದು ಕರೆಸಿಕೊಂಡು, 2022ರಲ್ಲಿ ಮತ್ತೆ ತನ್ನ ಹಳೆಯ ಕುಲವಾದ ಕ್ರಿಸಾಲಿಡೊಕಾರ್ಪಸ್‌ಗೆ ಮರಳಿತು. ಆದರೆ ‘ಅರೆಕಾ’ ಎಂಬ ಪದ ಮಾತ್ರ ನಮ್ಮ ಕಡೆಯದೇ: ಮಲಯಾಳದ ಅಡಯ್ಕ, ಕನ್ನಡದ ಅಡಿಕೆ ಎಂಬ ಸೋದರಪದಗಳ ಬಳಗದಿಂದ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಯೂರೋಪಿನ ಭಾಷೆಗಳಿಗೆ ಹರಡಿ, ಬೇರೊಂದು ಗಿಡದ ಹೆಗಲೇರಿ ಈಗ ನಮ್ಮ ಪಡಸಾಲೆಗೆ ಅತಿಥಿಯಂತೆ ಬಂದಿದೆ. ಇದನ್ನು ‘ಅಡಿಕೆ ತಾಳೆ’ ಎಂದು ಮರಳಿ ಕನ್ನಡಿಸಿದರೆ ಗೊಂದಲ ದುಪ್ಪಟ್ಟಾಗುತ್ತದೆ. ಲುಟೆಸೆನ್ಸ್ ಎಂದರೆ ಹಳದಿಗೆ ತಿರುಗುವ ಎಂಬ ಅರ್ಥ. ಕಾಂಡ ಮತ್ತು ಗರಿದಂಟು ಹೊನ್ನಿನ ಬಣ್ಣಕ್ಕಿರುವುದರಿಂದ ‘ಹೊಂದಾಳೆ’ ಎಂದು ಕರೆಯಬಹುದೇ ಎಂದು ಯೋಚಿಸಿದೆ, ಆದರೆ ಕೇಳಿದವರಿಗೆ ಮೊದಲು ಹೊಂಬಾಳೆ ಎಂದೇ ಕೇಳಿಸುತ್ತದೆ.

‘ತಾಳೆ’ ಎಂಬುದನ್ನು ಇಡೀ ಕುಟುಂಬಕ್ಕೆ ಬಳಸುವುದರಲ್ಲೂ ತೊಡಕು ಇಲ್ಲದಿಲ್ಲ. ಓಲೆಗರಿ ಕೊಡುವ ಮರ ತಾಳೆ, ಎಣ್ಣೆ ಕೊಡುವ ಆಫ್ರಿಕಾ ಮೂಲದ ಮರ ತಾಳೆ, ತಾಳೆಹೂ ಎಂದರೆ ಈ ಕುಟುಂಬಕ್ಕೆ ಸೇರದ ಕೇದಗೆ. ಇಷ್ಟನ್ನೂ ತಾಳೆ ನೋಡಿದರೆ ಯಾವುದೂ ತಾಳೆಯಾಗುವುದಿಲ್ಲ. ಆದರೂ ನಾನು ಆ ಪದವನ್ನು ಬಿಡಲಾರೆ, ಏಕೆಂದರೆ ‘ಪಾಮ್’ ಎಂಬ ಬಾಲ ಇನ್ನೂ ಸಡಿಲ. ಸಾಗೋ ಪಾಮ್ ಎಂದು ಮಾರುವ ಸೈಕಾಸ್ ತಾಳೆಯ ನಂಟೇ ಅಲ್ಲ, ಹೂ ಬಿಡುವ ಗಿಡವೂ ಅಲ್ಲ, ಜೊತೆಗೆ ವಿಷ. ಅದನ್ನು ಕಚ್ಚಿದ ನಾಯಿ ಸಾಯಬಹುದು. ಮಡಗಾಸ್ಕರಿನ ಈ ತಾಳೆಯೂ, ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಕಾಡುಗಳ ಚಾಮಿಡೋರಿಯಾ ಎಂಬ ಕುಳ್ಳ ತಾಳೆಯೂ ಸಾಕುಪ್ರಾಣಿಗಳಿಗೆ ವಿಷವಲ್ಲ. ಹೀಗಿರುವಾಗ ಸೈಕಾಸನ್ನು ‘ಸಾಗೋ ತಾಳೆ’ ಎಂದು ಬರೆಯುವುದು ಪದದ ತಪ್ಪು ಮಾತ್ರವಲ್ಲ. ಕೈಪಿಡಿಯಲ್ಲಿ ಅದನ್ನು ಸೈಕಾಸ್ ಎಂದೇ ಬಿಟ್ಟಿದ್ದೇನೆ.

ಗಿಡದ ಭಾಗಗಳಲ್ಲಿ ಅತಿ ಮುಖ್ಯವಾದದ್ದು ‘ಸುಳಿ’. ಬೇರೆ ಗಿಡಗಳಿಗೆ ಕುಡಿ ಚಿವುಟಿ ಎಂದು ಸಲಹೆ ಕೊಡುತ್ತೇವೆ. ಚಿವುಟಿದಷ್ಟೂ ಪಕ್ಕದಲ್ಲಿ ಕವಲೊಡೆಯುತ್ತದೆ. ತಾಳೆಯ ಒಂದೊಂದು ಕಾಂಡಕ್ಕೂ ಬೆಳೆಯುವ ತುದಿ ಒಂದೇ. ಅದನ್ನು ಕತ್ತರಿಸಿದರೆ ಆ ಕಾಂಡ ಮತ್ತೆ ಚಿಗುರದು. ಆದ್ದರಿಂದ ತಾಳೆಯ ಬರಹದಲ್ಲಿ ‘ಕುಡಿ’ ಎಂಬ ಪದ ಬರಲೇಬಾರದು, ‘ಸುಳಿ’ ಎಂದೇ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೀರಿನ ಸುಳಿ, ತಲೆಗೂದಲಿನ ಸುಳಿ ಎಂಬಲ್ಲಿ ಇರುವ ಒಂದು ನಡುವಿನ ಸುತ್ತ ತಿರುಗುವ ಭಾವ, ಸುತ್ತಿಕೊಂಡೇ ಮೇಲೆದ್ದು ಆಮೇಲೆ ಬಿಚ್ಚಿಕೊಳ್ಳುವ ಎಳೆಗರಿಗೆ ಚೆನ್ನಾಗಿ ಒಪ್ಪುತ್ತದೆ.

ಗರಿಯ ವಿಷಯ ಇಷ್ಟು ಸಲೀಸಲ್ಲ. ‘ಗರಿ’ ಎಂದರೆ ದಂಟಿನ ಸಮೇತ ಇಡೀ ಎಲೆಯೋ, ಅದರ ಒಂದೊಂದು ಸೀಳೋ? ತಾಳೆಗರಿ ಎನ್ನುವಾಗ ಬರೆಯಲು ಸೀಳಿದ ಪಟ್ಟಿ ನೆನಪಾಗುತ್ತದೆ, ತೆಂಗಿನ ಗರಿ ಎನ್ನುವಾಗ ಕೆಲವರಿಗೆ ಇಡೀ ಎಲೆ, ಕೆಲವರಿಗೆ ಸೀಳು. ‘ಒಣಗಿದ ಗರಿಯನ್ನು ಕತ್ತರಿಸಿ’ ಎಂದರೆ ಏನನ್ನು ಕತ್ತರಿಸಬೇಕು? ಕೆಳಗಿನ ಹಳೆಯ ಎಲೆ ಹಳದಿಯಾಗತೊಡಗಿದಾಗ ಗಿಡ ಅದರಿಂದ ಪೊಟ್ಯಾಸಿಯಮ್‌ನಂಥ ಪೋಷಕಾಂಶಗಳನ್ನು ಹೊಸ ಎಲೆಗಳಿಗೆ ಸಾಗಿಸುತ್ತಿರುತ್ತದೆ. ಅದು ಪೂರ್ತಿ ಕಂದಾದ ಮೇಲಷ್ಟೇ ದಂಟಿನ ಬುಡದಲ್ಲಿ ಕತ್ತರಿಸಬೇಕು. ಸೀಳಿನ ತುದಿ ಮಾತ್ರ ಕಂದಾಗಿದ್ದರೆ, ಹಸಿರಿಗೆ ಕತ್ತರಿ ತಾಗದಂತೆ ಕಂದಿನ ಒಂದು ಎಳೆಯನ್ನು ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಹೊಸ ಗಾಯದಿಂದ ಕಂದು ಮತ್ತೆ ಮುಂದುವರಿಯುತ್ತದೆ. ಎರಡು ಬೇರೆ ಕೆಲಸಗಳು, ಎರಡು ಪದ ಬೇಕು. ಇಡೀ ಎಲೆಗೆ ‘ಸೋಗೆ’, ಸೀಳಿಗೆ ‘ಗರಿ’ ಎಂದು ಹಂಚಬಹುದು, ಆದರೆ ಸೋಗೆ ಎಂದರೆ ಬಹಳ ಮಂದಿಗೆ ಒಣಗಿ ಬಿದ್ದದ್ದು, ಮಾಡಿಗೆ ಹೊದಿಸುವಂಥದು. ಹಸಿರಾಗಿ ನಿಂತಿರುವುದನ್ನೂ ಸೋಗೆ ಎನ್ನುವ ಬಳಕೆ ಇದೆಯೇ? ಇಲ್ಲದಿದ್ದರೆ ಇಡೀ ಎಲೆಗೆ ‘ಗರಿ’ ಇಟ್ಟು, ಸೀಳಿಗೆ ‘ಕಿರುಗರಿ’ ಎಂದು ಹೊಸದಾಗಿ ಕಟ್ಟಬೇಕಾದೀತು.

ತುದಿ ಕಂದಾಗುವುದಕ್ಕೂ ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ. ಬಾಡುವುದೆಂದರೆ ನೀರು ಕೊಟ್ಟರೆ ಮತ್ತೆ ಚೇತರಿಸುವಂಥದು. ಮುರುಟುವುದರಲ್ಲಿ ಸುರುಟಿಕೊಳ್ಳುವ ಭಾವ ಮುಖ್ಯ. ಸೊರಗುವುದು ಇಡೀ ಗಿಡದ ಮಾತು. ಒಣಗಾಳಿಯಿಂದಲೋ, ನೀರಿನಲ್ಲಿರುವ ಲವಣ ಮತ್ತು ಫ್ಲೋರೈಡ್ ತುದಿಯಲ್ಲಿ ಶೇಖರವಾಗುವುದರಿಂದಲೋ, ಉಳಿದದ್ದು ಹಸಿರಾಗಿದ್ದರೂ ತುದಿಯಷ್ಟೇ ಸುಟ್ಟಂತೆ ಆಗುವುದಕ್ಕೆ ‘ಕಮರು’ ಹೊಂದುತ್ತದೆ ಎನಿಸಿತು. ಅದು ಈಚೆಗೆ ಆಸೆ, ಕನಸುಗಳಿಗೇ ಮೀಸಲಾದಂತಿದೆ. ಎಲೆಗೆ ಮರಳಿ ಕೊಟ್ಟರೆ ತಪ್ಪಾಗಲಾರದು. ಇದೇ ಒಣಗಾಳಿಯಲ್ಲಿ ಗರಿಯ ಅಡಿಯಲ್ಲಿ ನವಿರಾದ ಬಲೆ ಕಟ್ಟುವ ಜೀವಿಯನ್ನು ಕೆಲವರು ‘ಜೇಡಹುಳು’ ಎಂದು ಅನುವಾದಿಸಿದ್ದಾರೆ. ಅದು ಹುಳುವೂ ಅಲ್ಲ, ಜೇಡವೂ ಅಲ್ಲ; ಕೃಷಿಯವರು ಬಳಸುವ ‘ನುಸಿ’ ಎಂಬ ಪದ ಕೈಯಲ್ಲೇ ಇದೆ.

ಸದ್ಯಕ್ಕೆ ನನ್ನ ಕರಡಿನ ಮೊದಲ ಸಾಲುಗಳು ಹೀಗಿವೆ: ‘ಬೆಳಕು ಬೇಕು, ಬಿಸಿಲು ಬೇಡ. ಮೇಲ್ಮಣ್ಣು ಆರಿದ ಮೇಲೆ, ತಳದಿಂದ ನೀರು ಬಸಿಯುವವರೆಗೆ ಎರೆಯಿರಿ. ಮಣ್ಣಿನ ಪಸೆ ಆರದಿರಲಿ, ಜವುಗು ಆಗದಿರಲಿ. ಗಾಳಿಯ ತೇವ ಕಡಿಮೆಯಾದರೆ ಗರಿಯ ತುದಿ ಕಮರುತ್ತದೆ. ಅದಕ್ಕಾಗಿ ಕುಂಡಕ್ಕೆ ಹೆಚ್ಚು ನೀರು ಹಾಕಬೇಡಿ.’ ಕೊನೆಯ ಎಚ್ಚರಿಕೆಯನ್ನು ಚಿಕ್ಕಮ್ಮನ ಗಿಡದ ನೆನಪಿನಲ್ಲಿ ಸೇರಿಸಿದ್ದು. ಅದು ಇಲ್ಲದೆಯೂ ಹಿಂದಿನ ಮಾತು ತಪ್ಪರ್ಥಕ್ಕೆ ಎಡೆಕೊಡದಂತೆ ಇದೆಯೇ, ‘ಪಸೆ’ಗೆ ಬದಲಾಗಿ ಇನ್ನೂ ಹೆಚ್ಚು ಮಂದಿ ಆಡುವ ಪದ ನಿಮ್ಮ ಬಳಕೆಯಲ್ಲಿದೆಯೇ ಎಂದು ತಿಳಿಸಿದರೆ ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ.