ಸಂಜೆ ಬೆಳಕಿನ ಫೋಟೋ: ಆಕಾಶವೂ ಉಳಿಯಬೇಕು, ಊರೂ ಕಾಣಬೇಕು. ಹೇಗೆ?

ಪ್ರಶ್ನೆ: ಸೂರ್ಯಾಸ್ತ ತೆಗೆದರೆ ಕಣ್ಣಿಗೆ ಕಂಡ ಕೆಂಪು ಫೋಟೋದಲ್ಲಿ ಇರುವುದಿಲ್ಲ, ಸೂರ್ಯನ ಸುತ್ತ ಬರೀ ಬಿಳಿ. ಆಕಾಶಕ್ಕೆ ಹೊಂದಿಸಿದರೆ ಕಟ್ಟಡಗಳೆಲ್ಲ ಕಪ್ಪು. ಕತ್ತಲಾದ ಮೇಲೆ ಬೀದಿ ತೆಗೆದರೆ ಚಿತ್ರ ಅಲುಗಿರುತ್ತದೆ. ಕ್ಯಾಮೆರಾ, ಟ್ರೈಪಾಡ್ ಎರಡೂ ಇವೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಕೆಂಪು ಹೋಗಲು ಮುಖ್ಯವಾಗಿ ಎರಡು ಕಾರಣ. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬಣ್ಣ ಸರಿಮಾಡುವ ಸೆಟ್ಟಿಂಗ್) ಸಂಜೆಯ ಬಣ್ಣವನ್ನೇ ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಅದನ್ನು ಡೇಲೈಟ್‌ಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟುಬಿಡಿ. ಇನ್ನೊಂದು ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ. ಸೂರ್ಯಾಸ್ತದ ಆಕಾಶದಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪಿನದು) ಎಲ್ಲಕ್ಕಿಂತ ಮೊದಲು ತುಂಬಿಹೋಗುತ್ತದೆ. ಮೂರೂ ಬಣ್ಣ ಸೇರಿದ ಹಿಸ್ಟೋಗ್ರಾಮ್‌ನಲ್ಲಿ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದು ಕಾಣದೇ ಹೋಗಬಹುದು, ಆದ್ದರಿಂದ ಬಣ್ಣಬಣ್ಣದ ಹಿಸ್ಟೋಗ್ರಾಮ್ ನೋಡಿ, ಕೆಂಪು ಗೆರೆ ಬಲತುದಿಗೆ ಒತ್ತಿಕೊಳ್ಳದ ಹಾಗೆ ಎಕ್ಸ್‌ಪೋಶರ್ ಇಳಿಸಿ. ಸೂರ್ಯನ ಬಿಂಬ ಬಿಳಿಯಾದರೆ ಚಿಂತೆಯಿಲ್ಲ. ಸೂರ್ಯನನ್ನು ಚೌಕಟ್ಟಿನಾಚೆ ಬಿಟ್ಟು ಪಕ್ಕದ ಆಕಾಶಕ್ಕೆ ಮೀಟರ್ ಮಾಡಿ (ಬೆಳಕು ಅಳೆದು), ಆ ಎಕ್ಸ್‌ಪೋಶರ್ ಲಾಕ್ ಮಾಡಿ, ಆಮೇಲೆ ಚೌಕಟ್ಟು ಸರಿಮಾಡಿಕೊಳ್ಳಿ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆಯಿರಿ. ಆಪ್ಟಿಕಲ್ ವ್ಯೂಫೈಂಡರ್‌ನಲ್ಲಿ (ಪರದೆಯಿಲ್ಲದೆ ಗಾಜಿನ ಮೂಲಕವೇ ನೋಡುವ ಕಿಂಡಿ), ಅದರಲ್ಲೂ ಟೆಲಿ ಲೆನ್ಸ್ ಇದ್ದಾಗ, ಸೂರ್ಯನನ್ನು ನೋಡಲೇಬೇಡಿ. ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ.

ಉತ್ತರ 2: ಕಟ್ಟಡ ಕಾಣಬೇಕಾದರೆ ಸೂರ್ಯ ಮುಳುಗಿದ ಮೇಲೂ ಅಲ್ಲೇ ನಿಲ್ಲಿ. ಹೆಚ್ಚಿನವರು ಬ್ಯಾಗ್ ಕಟ್ಟಿ ಹೊರಟ ಮೇಲೆಯೇ ಊರಿನ ಫೋಟೋಗೆ ಒಳ್ಳೆಯ ಬೆಳಕು ಬರುವುದು. ಸೂರ್ಯ ದಿಗಂತದಿಂದ 4ರಿಂದ 6 ಡಿಗ್ರಿ ಕೆಳಗಿರುವಾಗ ಆಕಾಶವೂ ಬೀದಿದೀಪಗಳೂ ಹೆಚ್ಚುಕಡಿಮೆ ಸಮನಾಗುತ್ತವೆ. ಉಷ್ಣವಲಯದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಇದು ಅಸ್ತವಾಗಿ 15ರಿಂದ 25 ನಿಮಿಷದೊಳಗೆ ಮುಗಿಯುತ್ತದೆ. ಧ್ರುವಗಳ ಕಡೆಗೆ ಹೋದಷ್ಟೂ ಹೊತ್ತು ಹಿಗ್ಗುತ್ತದೆ. ಆಗಿನ ಗಾಢ ನೀಲಿಗೆ ದೊಡ್ಡ ಕಾರಣ ಓಝೋನ್ ಪದರ ಕಿತ್ತಳೆ, ಕೆಂಪು ಬೆಳಕನ್ನು ಹೀರಿಕೊಳ್ಳುವುದು. ಹಾಗಾಗಿ ಸೂರ್ಯಾಸ್ತ ಸಪ್ಪೆಯಾಗಿದ್ದ ದಿನವೂ ಕಾದು ನೋಡಿ.

ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್/8 (ಲೆನ್ಸ್ ಕಿಂಡಿಯ ಅಳತೆ) ಇಟ್ಟು ಶುರುಮಾಡಿ; ಶಟರ್ ತೆರೆದಿರುವ ಹೊತ್ತು 2ರಿಂದ 8 ಸೆಕೆಂಡಿನ ಆಸುಪಾಸು ಬರುತ್ತದೆ. ಬೆಳಕು ಮೂರ್ನಾಲ್ಕು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಒಮ್ಮೆ ಇಟ್ಟ ಸೆಟ್ಟಿಂಗ್ ನಂಬಿ ಕೂರಬೇಡಿ. ದೀಪಗಳು ತೀರಾ ಹಳದಿ ಎನಿಸಿದರೆ ವೈಟ್ ಬ್ಯಾಲೆನ್ಸ್ 4000ಕ್ಕೆ ತನ್ನಿ.

ಉತ್ತರ 3: ಟ್ರೈಪಾಡ್ ಇದ್ದೂ ಅಲುಗುತ್ತಿದ್ದರೆ ನಾಲ್ಕು ಕಡೆ ನೋಡಿ. ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಹಾಕಿ, ನಡುಕಂಬವನ್ನು ಮೇಲೆತ್ತಬೇಡಿ, ಕ್ಯಾಮೆರಾ ಪಟ್ಟಿ ಗಾಳಿಗೆ ಬಡಿಯದಂತೆ ಕಳಚಿಡಿ. ಸೇತುವೆ ಮೇಲಿದ್ದರೆ ವಾಹನ ದಾಟುವವರೆಗೂ ಕಾಯದೆ ಬೇರೆ ದಾರಿಯಿಲ್ಲ. ಕೆಲವೊಮ್ಮೆ ಅದು ಅಲುಗಿದ್ದಾಗಿರದೆ ಫೋಕಸ್ ತಪ್ಪಿದ್ದಾಗಿರುತ್ತದೆ. ಬೆಳಕಿರುವಾಗಲೇ ಫೋಕಸ್ ಮಾಡಿ ಮ್ಯಾನುವಲ್‌ಗೆ ತಿರುಗಿಸಿಡಿ.

ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತು ತೆಗೆದ ಚಿತ್ರದ ಬೇಡದ ಚುಕ್ಕೆ ಅಳಿಸುವ ಸೌಲಭ್ಯ) ಕೂಡ ಆಫ್ ಇರಲಿ. 8 ಸೆಕೆಂಡಿನ ಚಿತ್ರಕ್ಕೆ ಅದು ಮತ್ತೆ 8 ಸೆಕೆಂಡು ತಿನ್ನುತ್ತದೆ, ಹತ್ತೇ ನಿಮಿಷದ ಬೆಳಕಿನಲ್ಲಿ ಅದು ದುಬಾರಿ. ದೀಪಗಳ ಪ್ರತಿಬಿಂಬ ಹಸಿರು ಚುಕ್ಕೆಗಳಾಗಿ ಕಂಡರೆ ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿ.

ಉತ್ತರ 4: ಒಮ್ಮೆ ಪೂರ್ವಕ್ಕೂ ತಿರುಗಿ. ಆಕಾಶ ತಿಳಿಯಾಗಿದ್ದರೆ ಅಲ್ಲಿ ಕೆಳಗೆ ಬೂದುನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಏಳುತ್ತದೆ. ಕೆಳಗಿನದು ವಾತಾವರಣದ ಮೇಲೆ ಬಿದ್ದ ಭೂಮಿಯದೇ ನೆರಳು. ಆ ಕಡೆಯ ಬೆಳಕು ಮೃದುವಾಗಿರುವುದರಿಂದ ಬೆಟ್ಟವೂ ಆಕಾಶವೂ ಒಂದೇ ಎಕ್ಸ್‌ಪೋಶರ್‌ನಲ್ಲಿ ಸಿಗುತ್ತವೆ, ಬ್ರಾಕೆಟಿಂಗ್ (ಬೇರೆಬೇರೆ ಎಕ್ಸ್‌ಪೋಶರ್‌ನಲ್ಲಿ ಹಲವು ಚಿತ್ರ ತೆಗೆಯುವುದು) ಬೇಕಾಗುವುದು ಅಪರೂಪ.